ರದ್ದಿಯ ತೂಕ

ಶಿಗ್ಗಾಂವದಲ್ಲಿ ಬಸ್ಸು ನಿಂತು ಅರ್ಧ ತಾಸಾಗಿತ್ತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ಬಸ್ಸುಗಳ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿದ್ದರು. ಆ ಒಲೆ ಹೊತ್ತಿಕೊಂಡು ಅದರ ಗ್ಯಾಸು ಎಂಜಿನ್ನಿಗೆ ಹತ್ತುವವರೆಗೆ ಒಳಗಿದ್ದವರು ಕೆಮ್ಮುತ್ತ ಕೂತಿರಬೇಕು. ಹಾನಗಲ್ಲಿನಿಂದ ಬರುವಾಗ ಒಮ್ಮೆ ಆರಿತ್ತು, ಈಗ ಮತ್ತೆ ಆರಿದೆ. ಆರಲಿ, ಹಾಳಾಗಿ ಹೋಗಲಿ ಎಂದು ಉಳವಪ್ಪ ಮಾಸ್ತರ ಡ್ರೈವರನನ್ನು, ಕ್ಲೀನರನನ್ನು, ತನ್ನ ತೊಡೆಯ ಮೇಲೆ ಅರ್ಧ ಕೂತಿದ್ದ ದಪ್ಪ ಹೆಂಗಸನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಬೈದ. ಬೈಗುಳ ಮುಗಿದ ಮೇಲೂ ಬಸ್ಸು ಹೊರಡಲಿಲ್ಲ. ಎದುರಿಗೆ ಮಹಾಲಿಂಗಪ್ಪನ ಅಡತಿ ಅಂಗಡಿ. ಆ ಕಡೆ ನೋಡಬಾರದು ಎಂದು ಹಾನಗಲ್ಲಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದ, ಆದ್ದರಿಂದ ಕತ್ತು ತಾನಾಗಿ ಅತ್ತಲೇ ಹೊರಳುತ್ತಿತ್ತು. ಜೋಳದ ಚೀಲಗಳ ಹಿಂದೆ, ಗೋಡೆಯ ಹಲಗೆಯ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ಹಣೆಗೆ ಮೂರು ಬೆರಳು ವಿಭೂತಿ ಬಳಿಸಿಕೊಂಡು ಆ ರೇಡಿಯೋ ಕೂತಿತ್ತು. ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಮಂದಿ ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದರು. ಅದು ಮಾತಾಡುತ್ತಲೂ ಇರಲಿಲ್ಲ, ಸುಮ್ಮನೆ ಗೊರಗೊರ ಅನ್ನುತ್ತಿತ್ತು. ಗೊರಗೊರವನ್ನೇ ಕೇಳುತ್ತ ಕೂತಿದ್ದಾರಲ್ಲ ಕತ್ತೆಗಳು ಅಂದುಕೊಂಡ. ಕಳೆದ ದಸರೆಯಲ್ಲಿ ತಾನೂ ಅದೇ ಕಟ್ಟೆಯ ಮೇಲೆ ಕೂತು ಅದೇ ಗೊರಗೊರ ಕೇಳಿದ್ದು ನೆನಪಾಗಿ ಕತ್ತನ್ನು ಈಚೆ ಹೊರಳಿಸಿದ.

ಮಹಾಲಿಂಗಪ್ಪ ಅವನ ಷಡ್ಡಕ. ಹೆಂಡತಿ ಗುತ್ತೆವ್ವನ ತಂಗಿ ಸರೋಜವ್ವನ ಗಂಡ. ವಯಸ್ಸಿನಲ್ಲಿ ಸಣ್ಣವನು, ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು, ಸಹಿ ಮಾಡುವಾಗ ನಾಲಿಗೆ ಹೊರಗೆ ಹಾಕುವವನು. ಮಾಸ್ತರ ಮುಲ್ಕಿ ಪರೀಕ್ಷೆ ಪಾಸಾದವನು, ತರಬೇತಿ ಆದವನು, ಎರಡು ವರ್ಷ ಇಂಗ್ಲಿಷ್ ಕಲಿತವನು. ದಸರೆಯ ದಿವಸ ಬನ್ನಿ ಕೊಡಲು ಬಂದಾಗ ಆ ಪೆಟ್ಟಿಗೆ ಇದೇ ರೀತಿ ಗೊರಗುಟ್ಟುತ್ತಿತ್ತು. ಗುಂಡಿಯನ್ನು ಒಂದಿಷ್ಟು ತಿರುವಿದರೆ ಸರಿಯಾದೀತು ಅನ್ನಿಸಿ ಮಾಸ್ತರ ಎದ್ದು ಕೈ ಹಚ್ಚಿದ. ಅಷ್ಟೇ. ಮಹಾಲಿಂಗಪ್ಪ ಅವಸರ ಮಾಡಲಿಲ್ಲ, ಸಿಟ್ಟಾಗಲಿಲ್ಲ, ಮೆಲ್ಲಗೆ ಬಂದು ಮಾಸ್ತರನ ಮಣಿಕಟ್ಟು ಹಿಡಿದು ಹಸುಗೂಸಿನ ಕೈಯಿಂದ ಕತ್ತರಿ ಬಿಡಿಸುವಂತೆ ಬಿಡಿಸಿದ. ‘ಕೈ ಬ್ಯಾಡ್ರಿ ಮಾಸ್ತರ. ಇದು ಸಾಲಿ ಗಂಟಿ ಅಲ್ಲ, ಇದರ ವಿದ್ಯಾ ಬ್ಯಾರೆ,’ ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ಒಳಬಾಗಿಲಲ್ಲಿ ಬನ್ನಿಯ ತಟ್ಟೆ ಹಿಡಿದು ನಿಂತ ಸರೋಜವ್ವ ನಕ್ಕಳು. ಅವಳ ಪಕ್ಕದಲ್ಲಿ ಗುತ್ತೆವ್ವನೂ, ತನ್ನ ಸ್ವಂತ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಿರಲಿಕ್ಕಿಲ್ಲ. ನಕ್ಕೇ ಇರಬೇಕು. ಆ ಮಣಿಕಟ್ಟು ಇವತ್ತಿಗೂ ಒಮ್ಮೊಮ್ಮೆ ಪಾಠ ಮಾಡುವಾಗ, ಹಲಗೆಯ ಮೇಲೆ ಬರೆಯುವಾಗ, ಯಾರೋ ಹಿಡಿದಂತೆ ಬೆಚ್ಚಗಾಗುತ್ತದೆ. ಅವತ್ತೇ ಬಸ್ಸಿನಲ್ಲಿ ಕೂತು ಹಟ ತೊಟ್ಟಿದ್ದ. ಕೊಳ್ಳುವುದಲ್ಲ, ಕೊಳ್ಳಲು ತನ್ನಪ್ಪನಿಂದಲೂ ಆಗುತ್ತಿರಲಿಲ್ಲ. ಮಾಡುವುದು. ತನ್ನ ಕೈಯಿಂದ ರೇಡಿಯೋ ಮಾಡಿ ಮನೆಯ ಗೂಡಿನಲ್ಲಿಟ್ಟು ಷಡ್ಡಕನನ್ನು ಊಟಕ್ಕೆ ಕರೆಯುವುದು. ಹೋಳಿಗೆ ಹಾಕಿಸುವುದು. ಎರಡನೆಯ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಎದ್ದು ಹೋಗಿ ಗುಂಡಿ ತಿರುವುವುದು.

ಬಸ್ಸು ಒಂದು ಸಲ ನಡುಗಿ ಹೊರಟಿತು. ಕಟ್ಟೆಯ ಮೇಲಿನಿಂದ ಯಾರೋ ಕೈ ಬೀಸಿದರು. ಮಹಾಲಿಂಗಪ್ಪನೇ ಇದ್ದರೂ ಇರಬಹುದು, ಮಾಸ್ತರ ಬಗ್ಗಿ ಚಪ್ಪಲಿ ಸರಿಮಾಡಿಕೊಂಡ. ಹಸಿವೆ ಬೇರೆ. ಬೆಳಿಗ್ಗೆ ರೊಟ್ಟಿ ಮುಂದಿಟ್ಟುಕೊಂಡಿದ್ದಾಗ ಗುತ್ತೆವ್ವ ಕೇಳಿದ್ದಳು, ಹೋದ ರವಿವಾರ ಸವಣೂರಿಗೆ ಹೋಗಿ ಪುಸ್ತಕ ತಂದಿರಿ, ಈಗ ಮತ್ತ ಯಾತಕ್ಕ? ಆ ಪುಸ್ತಕ ಸರಿಯಿಲ್ಲ ಎಂದು ಇವನು ರೊಟ್ಟಿ ಮುರಿಯುತ್ತ ಹೇಳಿದ. ಅವಳು ಗೂಡಿನ ಕಡೆ ನೋಡಿದಳು. ಅಲ್ಲಿ ಆ ದಪ್ಪ ಪುಸ್ತಕ, ಬಟ್ಟೆಯ ರಟ್ಟು, ಬೆನ್ನ ಮೇಲೆ ಬಂಗಾರದ ಅಕ್ಷರ. ಬಂದ ದಿವಸವೇ ಅವಳು ಅದಕ್ಕೆ ಕುಂಕುಮ ಹಚ್ಚಿದ್ದಳು. ಸರಸ್ವತಿ ಅಲ್ಲೇನ್ರಿ ಅಂದಿದ್ದಳು. ಈಗ ಒಲೆಯ ಕಡೆ ತಿರುಗಿ, ಯಾರಿಗೂ ಹೇಳದವಳಂತೆ, ‘ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ,’ ಅಂದಳು. ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಬಂದ. ಬಾಗಿಲು ದಾಟುವಾಗ ರೊಟ್ಟಿಯನ್ನಾದರೂ ತಿಂದು ಸಿಟ್ಟಾಗಬೇಕಿತ್ತು ಅನ್ನಿಸಿತು. ಆದರೆ ತಿರುಗಿ ಹೋಗಲು ಆಗುತ್ತದೆಯೇ? ಗಂಡಸು ಒಮ್ಮೆ ಎದ್ದ ಮೇಲೆ ಎದ್ದ ಹಾಗೆಯೇ.

ಅವಳ ಮಾತು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ವಾರವಿಡೀ ದಿನಾ ಸಾಲಿ ಬಿಟ್ಟ ಮೇಲೆ ಆ ಪುಸ್ತಕದ ಮುಂದೆ, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂತಿದ್ದ. ಮೊದಲನೆಯ ಪುಟ ಪೂರಾ ಮುಗಿದಿರಲಿಲ್ಲ. ಎರಡನೆಯ ಪುಟದಿಂದ ಬರೀ ಲೆಕ್ಕ. ಲೆಕ್ಕವೆಂದರೆ ತಾನು ಕಲಿಸುವ ಬಡ್ಡಿಯ ಲೆಕ್ಕವೂ ಅಲ್ಲ, ಗ್ರೀಕಿನವರ ಅಕ್ಷರಗಳು ಒಂದರ ತಲೆಯ ಮೇಲೊಂದು ಕೂತ ಲೆಕ್ಕ. ನಾಲ್ಕು ನೂರು ಪುಟದಲ್ಲಿ ಒಂದು ತಂತಿಯ ಚಿತ್ರವಿಲ್ಲ, ಒಂದು ಮೊಳೆ ಎಲ್ಲಿ ಹೊಡೆಯಬೇಕು ಎಂಬ ಮಾತಿಲ್ಲ. ಹೆಡ್ಮಾಸ್ತರರು ಬಂದಾಗ ಕಾಣುವ ಹಾಗೆ ಸಾಲಿಗೂ ಒಂದು ದಿವಸ ಒಯ್ದಿದ್ದ. ಅವರು ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರ ಐತಿ ಅಂದು ಕೊಟ್ಟರು. ಅದನ್ನು ಕೊಂಡದ್ದೂ ಹಾಗೆಯೇ ಅಲ್ಲವೇ, ತೂಗಿ ನೋಡಿ.

ಸವಣೂರಿನ ದಿಲಾವರ ರದ್ದಿಯವನು. ಹುಬ್ಬಳ್ಳಿಯ ರೇಲ್ವೆ ಸಾಹೇಬರ ಬಂಗಲೆಗಳಿಂದ, ಬೆಳಗಾವಿಯ ದಂಡಿನ ಕಡೆಯಿಂದ ಹಳೆಯ ಕಾಗದದ ಗಂಟುಗಳನ್ನು ತಂದು ಸೇರಿನ ಲೆಕ್ಕದಲ್ಲಿ ಮಾರುತ್ತಾನೆ. ಪೇಪರಾಗಲಿ, ದಫ್ತರವಾಗಲಿ, ಪುಸ್ತಕವಾಗಲಿ, ತಕ್ಕಡಿಗೆ ಎಲ್ಲವೂ ಒಂದೇ. ಕಾಗದದ ಬರಗಾಲ ಬಿದ್ದ ಮೇಲಂತೂ ಅವನ ತಕ್ಕಡಿ ಅಕ್ಕಸಾಲಿಗನ ತಕ್ಕಡಿಯಾಗಿತ್ತು. ಕಿರಾಣಿಯವರು, ಅಡಕೆಯವರು, ಶೇಂಗಾ ಮಾರುವವರು ಅವನ ಬಾಗಿಲಲ್ಲಿ ಕಾಯುತ್ತಿದ್ದರು. ಹುಬ್ಬಳ್ಳಿಯ ಅಂಗಡಿಯಲ್ಲಿ ರೇಡಿಯೋ ಕಲಿಯುವ ಹೊಸ ಪುಸ್ತಕದ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡು ಬಂದಿದ್ದ ಮಾಸ್ತರನಿಗೆ, ದಿಲಾವರನ ಗಂಟಿನಲ್ಲಿ ವಾಯರ್‌ಲೆಸ್ಸಿನ ಪುಸ್ತಕಗಳು ಬಂದಿವೆ ಎಂದು ಸುದ್ದಿ ಮುಟ್ಟಿತ್ತು. ಹೋದ ರವಿವಾರ ಹೋಗಿ ನೋಡಿದರೆ ಎರಡಿದ್ದವು. ಒಂದು ಈ ದಪ್ಪನೆಯದು. ಇನ್ನೊಂದು ತೆಳ್ಳಗಿನದು, ರಟ್ಟು ಕಿತ್ತುಹೋದದ್ದು, ಅರವತ್ತು ಪುಟವಿದ್ದೀತು. ಸಣ್ಣದನ್ನು ಮೇಲೆ ಮೇಲೆ ತಿರುವಿ ಪಕ್ಕಕ್ಕೆ ಇಟ್ಟ. ಇಬ್ಬರು ನೋಡುತ್ತ ನಿಂತಿದ್ದಾಗ ಮುಲ್ಕಿ ಪಾಸಾದ ಮಾಸ್ತರ ಅರವತ್ತು ಪುಟದ ಹರಕು ಪುಸ್ತಕ ಎತ್ತಿಕೊಳ್ಳುತ್ತಾನೆಯೇ? ಎರಡಕ್ಕೂ ಆಗುವಷ್ಟು ಕಿಸೆಯಲ್ಲಿರಲಿಲ್ಲ. ದಪ್ಪನೆಯದನ್ನು ತಕ್ಕಡಿಗೆ ಹಾಕಿಸಿದ. ತಕ್ಕಡಿ ಠಣ್ಣೆಂದು ಕೆಳಗೆ ಕೂತಾಗ ಹೆಮ್ಮೆಯೂ ಆಯಿತು.

ಆ ಇಬ್ಬರಲ್ಲಿ ಒಬ್ಬ ದಿಲಾವರ. ಇನ್ನೊಬ್ಬ ನಿಯಾಜ, ಅದೇ ಓಣಿಯಲ್ಲಿ ಗಡಿಯಾರ, ಗ್ಯಾಸಬತ್ತಿ, ಹೊಲಿಗೆ ಮಶೀನು ರಿಪೇರಿ ಮಾಡುವವನು. ಮೂವತ್ತರ ಆಸುಪಾಸು, ಉಗುರಿನ ಸಂದಿನಲ್ಲಿ ಎಣ್ಣೆ, ಒಂದು ಕಣ್ಣಿನ ಸುತ್ತ ಗಡಿಯಾರದ ಕನ್ನಡಿ ಒತ್ತಿ ಒತ್ತಿ ಬಳೆಯಂಥ ಗುರುತು. ಮಾಸ್ತರ ಹಣ ಕೊಟ್ಟು ಹೊರಡುವಾಗ ಅವನು ಆ ತೆಳ್ಳಗಿನ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ತನಗೆ ಅಕ್ಷರ ಬರುವುದಿಲ್ಲ, ಕೆಟ್ಟುಹೋದ ಒಂದು ರೇಡಿಯೋದಿಂದ ದೀಪದಂಥ ಗಾಜಿನ ನಳಿಗೆ ಒಂದು ಸಿಕ್ಕಿದೆ, ಅದನ್ನು ಕೂಡಿಸುವುದು ಹೇಗೆಂದು ತಿಳಿಯಬೇಕಾಗಿದೆ ಎಂದು ನಾಚುತ್ತ ನಾಚುತ್ತ ಹೇಳಿದ. ಆಮೇಲೆ ಪುಸ್ತಕದ ನಡುವಿನ ಒಂದು ಪುಟ ತೆರೆದ. ಅಲ್ಲಿತ್ತು. ಮೊದಲ ಸಲ ಮಾಸ್ತರನ ಕಣ್ಣಿಗೆ ಅದು ಬಿದ್ದದ್ದು ಆಗ. ಪುಟದ ತುಂಬ ಒಂದು ಚಿತ್ರ. ತಂತಿಯ ಸುರುಳಿ, ಗಾಜಿನ ನಳಿಗೆ, ಕಿವಿಗೆ ಹಚ್ಚುವ ಬಟ್ಟಲು, ಎರಡು ಬ್ಯಾಟರಿ, ಒಂದರಿಂದ ಒಂದಕ್ಕೆ ರಂಗೋಲಿಯ ಎಳೆಯ ಹಾಗೆ ಸಾಗಿದ ಗೆರೆಗಳು. ಮೂರು ತಿಂಗಳಿಂದ ಹುಡುಕುತ್ತಿದ್ದದ್ದು ಇದೇ. ಅದು ಇವನ ಎಣ್ಣೆಗೈಯಲ್ಲಿತ್ತು, ತನ್ನ ಬಗಲಲ್ಲಿ ನಾಲ್ಕು ನೂರು ಪುಟದ ಕಲ್ಲಿತ್ತು. ‘ಇದನ್ನ ತಗೊಳ್ಳೇನ್ರಿ ಮಾಸ್ತರ? ನೀವು ಹೂಂ ಅಂದ್ರ ತಗೊಂತೇನಿ,’ ಅಂದ ನಿಯಾಜ.

ಮಾಸ್ತರ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡ. ನಾಲ್ಕು ಪುಟ ಮೇಲೆ, ನಾಲ್ಕು ಪುಟ ಕೆಳಗೆ ತಿರುವಿದ. ತುಟಿ ಆಡಿಸಿದ, ಓದುತ್ತಿರುವವನಂತೆ. ಮುಂದಿನ ರವಿವಾರದವರೆಗೆ ಇದು ಇಲ್ಲೇ ಬಿದ್ದಿರಬೇಕು, ಅಷ್ಟೇ, ಒಂದು ವಾರ. ‘ಇದು ಸಣ್ಣ ಹುಡುಗರದು. ಆಟದ ಸಾಮಾನ. ಇದರಾಗ ಏನೂ ಇಲ್ಲ, ಬಿಡು,’ ಅಂದ. ಹೇಳುವಾಗ ದನಿ ಎಷ್ಟು ಸಲೀಸಾಗಿ ಬಂತು, ಸಾಲಿಯಲ್ಲಿ ತಪ್ಪು ಲೆಕ್ಕಕ್ಕೆ ಗೀಟು ಎಳೆಯುವಾಗ ಬರುವ ಹಾಗೆ. ನಿಯಾಜ ಪುಸ್ತಕವನ್ನು ಗಂಟಿನ ಮೇಲಿಟ್ಟ. ಇಟ್ಟು, ಮೇಲಿನ ಧೂಳು ಒರೆಸಿದ. ಮಾಸ್ತರ ತಿಳಿಸಿ ಹೇಳಿದ್ದಕ್ಕೆ ಒಳ್ಳೆಯದಾಯಿತು ಎಂದು ಚಹಾಕ್ಕೆ ಕರೆದ. ತನ್ನದು ಆಗಿದೆ ಎಂದು ಸುಳ್ಳು ಹೇಳಿ ಮಾಸ್ತರ ಬಸ್ಸಿಗೆ ನಡೆದ. ಎರಡು ಸುಳ್ಳಿನಲ್ಲಿ ಚಹಾದ್ದೇ ಹೆಚ್ಚು ಚುಚ್ಚಿತು. ಯಾಕೆಂದರೆ ನಿಜವಾಗಿ ಚಹಾ ಬೇಕಾಗಿತ್ತು.

ಸವಣೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ದಿಲಾವರನ ಅಂಗಡಿಗೆ ನೇರವಾಗಿ ಹೋಗಿ ಆ ಪುಸ್ತಕ ಕೊಡು ಎಂದು ಕೇಳುವಂತಿರಲಿಲ್ಲ. ಏನೂ ಇಲ್ಲ ಅಂದವನೇ ಕೇಳುವುದು ಹೇಗೆ? ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಸಾಲಿಯ ಹುಡುಗರಿಗೆ ಚಿತ್ರ ಬರೆಸಲಿಕ್ಕೆ ಬೇಕಾಗಿದೆ, ಯಾವುದಾದರೂ ಹಳೆಯದು, ಹರಕು ಇದ್ದರೂ ನಡೆದೀತು. ಅಂಗಡಿಯಲ್ಲಿ ಗಂಟು ಇರಲಿಲ್ಲ. ನೆಲ ಗುಡಿಸಿದ್ದರು. ದಿಲಾವರ ಖಾಲಿ ತಕ್ಕಡಿಯ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಮಾಸ್ತರ ಜೋಡಿಸಿಕೊಂಡದ್ದನ್ನೆಲ್ಲ ಒಪ್ಪಿಸಿದ, ನಡುವೆ ಎರಡು ಸಲ ಕೆಮ್ಮಿದ. ದಿಲಾವರನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನಿಗೆ ಆಶ್ಚರ್ಯವೂ ಆಗಲಿಲ್ಲ. ‘ಆ ಸಣ್ಣದಾ? ಮಾಸ್ತರ ಸೈತ ಬ್ಯಾಡ ಅಂದ ಬುಕ್ಕ ಯಾರ ತಗೊಂತಾರ್ರಿ? ಅವತ್ತ ಸಂಜೀಕ ಕುಲಸುಮಬಿಗೆ ತೂಗಿ ಕೊಟ್ಟೆ, ಶೇಂಗಾ ಕಟ್ಟಾಕ,’ ಅಂದ. ಮಾಸ್ತರ ಆಗಲೇ ಬಾಗಿಲಿಗೆ ತಿರುಗಿದ. ಚಿತ್ರ ಬರೆಸಲಿಕ್ಕಾದರೆ ಬುಧವಾರ ಹೊಸ ಗಂಟು ಬರುತ್ತದೆ, ಹೂವಿನ ಚಿತ್ರ, ಸಾಹೇಬರ ಮಡ್ಡಮ್ಮಗಳ ಚಿತ್ರ ಎಲ್ಲ ಇರುತ್ತವೆ ಎಂದು ದಿಲಾವರ ಸಮಾಧಾನ ಹೇಳುತ್ತಿದ್ದ.

ಕುಲಸುಮಬಿ ಬಸ್ಸು ನಿಲ್ಲುವಲ್ಲೇ ಬೇವಿನ ಗಿಡದ ಬುಡದಲ್ಲಿ ಕೂಡುವ ಮುದುಕಿ. ಇಳಿದಾಗ ಅವಳ ಬುಟ್ಟಿಯ ಪಕ್ಕದಲ್ಲೇ ದಾಟಿ ಹೋಗಿದ್ದ, ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿದಿತ್ತು ಕೂಡ. ಓಡಿದಂತೆ ಕಾಣಬಾರದು ಎಂದು ದಾಪುಗಾಲು ಹಾಕುತ್ತ ಬಂದ. ಬುಟ್ಟಿಯಲ್ಲಿ ತುದಿ ಮಡಿಚಿದ ಪೊಟ್ಟಣಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಹೊಟ್ಟೆಯ ಮೇಲೂ ಸಣ್ಣ ಇಂಗ್ಲಿಷ್ ಅಕ್ಷರ. ಒಂದು ಪೊಟ್ಟಣದ ಮೇಲೆ ಅರ್ಧ ಸುರುಳಿ ಕಂಡಿತು. ಕಾಗದವಷ್ಟೇ ಬೇಕು, ಶೇಂಗಾ ಬೇಡ ಎಂದ. ಮುದುಕಿ ಅವನ ರುಮಾಲನ್ನೂ ಕೋಟನ್ನೂ ನೋಡಿ, ಇವನಿಗೆ ಬಿಸಿಲು ಹತ್ತಿದೆಯೇನೋ ಎಂಬಂತೆ ಮರುಗಿದಳು. ‘ಕಾಗದ ಮಾರಿದ್ರ ಶೇಂಗಾ ಉಡಿಯಾಗ ಕಟ್ಟಿ ಕೊಡ್ಲೇನ್ರಿ ಮಂದಿಗೆ?’ ಅಂದಳು. ನ್ಯಾಯವಾದ ಮಾತು. ನ್ಯಾಯವಾದ ಮಾತು ಆಡುವವರನ್ನು ಕಂಡರೆ ಅವನಿಗೆ ಅವತ್ತು ಕೊರಳು ಹಿಚುಕಬೇಕು ಅನ್ನಿಸುತ್ತಿತ್ತು. ಬುಟ್ಟಿಯಲ್ಲಿದ್ದ ಅಷ್ಟೂ ಪೊಟ್ಟಣ ಕೊಂಡ. ಗಿಡದ ಹಿಂದೆ ಕೂತು ಒಂದೊಂದೇ ಬಿಚ್ಚಿ ಶೇಂಗಾವನ್ನು ಶಲ್ಯೆಗೆ ಸುರುವಿಕೊಂಡು ಕಾಗದ ನೀಟು ಮಾಡಿದ. ಹನ್ನೊಂದು ಹಾಳೆ. ನಡುವಿನ ಆ ಚಿತ್ರ ಇರಲಿಲ್ಲ.

ಆಗ ಅವನ ಕಣ್ಣು ನೆಲಕ್ಕೆ ಹೋಯಿತು. ವಾರವಿಡೀ ಜನ ತಿಂದು ಎಸೆದದ್ದು ಅಲ್ಲೇ ಗಟಾರದ ಬದಿಗೆ, ಬೇಲಿಯ ಮುಳ್ಳಿಗೆ, ಎತ್ತಿನ ಬಂಡಿಯ ಗಾಲಿಯ ಕೆಳಗೆ ಬಿದ್ದಿತ್ತು. ಮೊದಲನೆಯದನ್ನು ಚಪ್ಪಲಿಗೆ ಹತ್ತಿದ್ದನ್ನು ತೆಗೆಯುವವನಂತೆ ಎತ್ತಿದ. ಎರಡನೆಯದಕ್ಕೆ ಆ ನೆವವೂ ಸಿಗಲಿಲ್ಲ. ಐದನೆಯದರ ಹೊತ್ತಿಗೆ ನಾಚಿಕೆ ಹೋಗಿ ಬರೀ ಸಿಟ್ಟು ಉಳಿಯಿತು. ಓದು ಬಾರದ ಊರು, ಕೈಗೆ ಸಿಕ್ಕ ವಿದ್ಯೆಯನ್ನು ಉಪ್ಪು ಹಚ್ಚಿ ತಿಂದು ಉಗುಳುವ ಊರು ಎಂದು ಬೈಯುತ್ತ ಬಗ್ಗಿ ಎದ್ದು ಬಗ್ಗಿ ಎದ್ದು ನಡೆದ. ಹೀಗೆ ಮಾಡಿದ್ದು ಊರಲ್ಲ, ತನ್ನ ಒಂದು ಮಾತು. ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ಊರನ್ನು ಇನ್ನೊಂದಿಷ್ಟು ಬೈದ. ಬಾವಿಗೆ ಹೊರಟ ಇಬ್ಬರು ಹೆಂಗಸರು ನಿಂತು ನೋಡಿದರು. ಒಬ್ಬಳು ಪಾಪ, ಏನೋ ಕಳಕೊಂಡಾರ ಅಂದಳು. ಹಿಂದಿನಿಂದ ಕುಲಸುಮಬಿ ಕೂಗಿ ಕರೆದಳು. ಆ ದೊಡ್ಡ ಗೀಟುಗಳ ಕಾಗದ ಹುಡುಕುತ್ತಿದ್ದರೆ ಅದು ಇಲ್ಲಿಲ್ಲ, ಗುರುವಾರ ರಿಪೇರಿ ನಿಯಾಜ ಶೇಂಗಾ ತಗೊಂಡಾಗ ಅದರಲ್ಲೇ ಕಟ್ಟಿಕೊಟ್ಟಿದ್ದೆ, ಅವನು ಶೇಂಗಾ ತಿನ್ನುವುದು ಬಿಟ್ಟು ಕಾಗದ ನೋಡುತ್ತ ನಿಂತ, ಆಮೇಲೆ ಎದೆಯ ಮೇಲೆ ಇಟ್ಟುಕೊಂಡು ಹೋದ ಎಂದಳು.

ನಿಯಾಜನಿಗೆ ಗೊತ್ತಾಗಿದೆ. ಚಿತ್ರ ನೋಡಿದವನಿಗೆ, ಅವನೆಂಥ ದಡ್ಡನಿದ್ದರೂ, ಅದು ಆಟದ ಸಾಮಾನಲ್ಲ ಎಂದು ಗೊತ್ತಾಗದೆ ಇರುತ್ತದೆಯೇ? ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಗದೆ ಇದ್ದರೆ ಈ ಜಿಡ್ಡು ಹಾಳೆಗಳು ಜಿಡ್ಡು ಹಾಳೆಗಳೇ. ಹೋದರೆ ಅವನ ಮುಖ ನೋಡಬೇಕು. ಓಣಿಯ ತಿರುವಿನಲ್ಲಿ ಎರಡು ಸಲ ನಿಂತ. ಅವನೇನು ತನ್ನನ್ನು ಕೇಳುವವನು? ಕೇಳಿದರೆ ಹೇಳಿದರಾಯಿತು, ಅವತ್ತು ಕನ್ನಡಕ ತಂದಿರಲಿಲ್ಲ ಎಂದು. ತನಗೆ ಕನ್ನಡಕವೇ ಇಲ್ಲವೆಂದು ಅವನಿಗೇನು ಗೊತ್ತು? ಶಲ್ಯೆಯಲ್ಲಿ ಕಟ್ಟಿದ ಶೇಂಗಾ ಹೊಟ್ಟೆಯ ಮುಂದೆ ಜೋತು ಹೆಜ್ಜೆಗೊಮ್ಮೆ ಬಡಿಯುತ್ತಿತ್ತು. ಒಂದೆರಡು ಕಾಳು ಉದುರುತ್ತಿದ್ದವು.

ನಿಯಾಜ ಕಂಡವನೇ ಎದ್ದು ನಿಂತು ಸ್ಟೂಲು ಒರೆಸಿದ. ‘ಬರ್ರಿ ಮಾಸ್ತರ, ಕುಂದರ್ರಿ. ಮೂರು ದಿವಸದಿಂದ ನಿಮ್ಮ ದಾರಿ ನೋಡಾಕತ್ತೇನಿ,’ ಅಂದ. ಮಾಸ್ತರ ಆ ಮಾತಿನಲ್ಲಿ ಕೊಂಕು ಹುಡುಕಿದ, ಸಿಗಲಿಲ್ಲ. ಅಂಗಡಿಯ ಗೋಡೆಗೆ, ನಿಂತುಹೋದ ಗಡಿಯಾರಗಳ ನಡುವೆ, ಆ ಚಿತ್ರವನ್ನು ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದು ಹಚ್ಚಿದ್ದ. ಕೆಳಗೆ ಹಲಗೆಯ ಮೇಲೆ ಅದು ಇತ್ತು. ಚಿತ್ರವಲ್ಲ, ಅದೇ. ಬಿದಿರಿನ ಕೊಳವೆಗೆ ಒಂದರ ಪಕ್ಕ ಒಂದು ಕೂದಲೂ ಹೋಗದ ಹಾಗೆ ಸುತ್ತಿದ ತಂತಿ, ಹಿತ್ತಾಳೆಯ ತಿರುಪು, ನಡುವೆ ನಾಲ್ಕು ಕಾಲಿನ ಆ ಗಾಜಿನ ನಳಿಗೆ. ಮೂರು ದಿವಸದಲ್ಲಿ. ಓದು ಬಾರದ ಇವನು, ಶೇಂಗಾದ ಕಾಗದ ನೋಡಿ ಮೂರು ದಿವಸದಲ್ಲಿ ಇದನ್ನು ಮಾಡಿದ್ದ. ಮಾಸ್ತರನಿಗೆ ಒಂದು ಗಳಿಗೆ ಅದರ ಚಂದಕ್ಕೆ ಉಸಿರು ನಿಂತಿತು, ಮರುಗಳಿಗೆ ಅದನ್ನೆತ್ತಿ ನೆಲಕ್ಕೆ ಹೊಡೆಯಬೇಕು ಅನ್ನಿಸಿತು. ನೀವು ಸಣ್ಣ ಹುಡುಗರದು ಅಂದಿರಿ, ನನ್ನ ಬುದ್ಧಿಯೂ ಅಷ್ಟಕ್ಕೇ ತಕ್ಕದ್ದು, ಅದಕ್ಕೇ ನನಗೆ ತಿಳಿಯಿತೋ ಏನೋ ಎಂದು ನಿಯಾಜ ನಗುತ್ತ ಹೇಳಿದ. ಹಂಗಿಸುತ್ತಿದ್ದಾನೆಯೇ? ಆ ಬಳೆಯ ಗುರುತಿನ ಕಣ್ಣಿನಲ್ಲಿ ಕೊಂಕಿರಲಿಲ್ಲ. ಹಂಗಿಸಿದ್ದರೆ ಜಗಳ ಮಾಡಿ ಎದ್ದು ಹೋಗಬಹುದಿತ್ತು.

ಒಂದೇ ಒಂದು ಉಳಿದಿದೆ ಎಂದ ನಿಯಾಜ. ಸಣ್ಣ ಬ್ಯಾಟರಿಯನ್ನು ಚಿತ್ರದಲ್ಲಿದ್ದ ಹಾಗೆ ಹಚ್ಚಿ ತೋರಿಸಿದ. ನಳಿಗೆಯೊಳಗೆ ಕೆಂಡದ ಎಳೆಯಂಥ ಒಂದು ಬೆಳಕು ಹತ್ತಿತು. ದೊಡ್ಡ ಬ್ಯಾಟರಿಯದು ಒಂದು ತಂತಿ ಕೂಡಿಸಿ ಆಗಿತ್ತು. ಅದರ ಕೆಂಪು ತಂತಿ ಯಾವ ಕಾಲಿಗೆ ಹೋಗಬೇಕು ಎಂಬಲ್ಲಿ ಶೇಂಗಾದ ಎಣ್ಣೆ ಇಳಿದು ಗೆರೆಗಳೆಲ್ಲ ಕಲಸಿಹೋಗಿದ್ದವು. ‘ಕೆಳಗ ದಪ್ಪ ಅಕ್ಷರದಾಗ ಬರದಾರ್ರಿ. ಅದನ್ನ ಓದಿ ಹೇಳಿದ್ರ ಸಾಕು. ಈ ನಳಿಗಿ ಒಂದ ಐತಿ, ಸುಟ್ರ ಮತ್ತ ಎಲ್ಲೂ ಸಿಗೂದಿಲ್ಲ. ಅದಕ್ಕ ಕೈ ಹಚ್ಚದ ಕುಂತೇನಿ.’ ಅಷ್ಟು ಹೇಳಿ ಕೈ ಒರೆಸಿಕೊಂಡು ದೂರ ಸರಿದು ನಿಂತ, ಗುಡಿಯಲ್ಲಿ ಪೂಜಾರಿಗೆ ಜಾಗ ಬಿಡುವವರ ಹಾಗೆ.

ಮಾಸ್ತರ ಎದ್ದು ಗೋಡೆಯ ಹತ್ತಿರ ಹೋದ. ದಪ್ಪ ಅಕ್ಷರದ ಸಾಲು ಒಂದೇ ಇತ್ತು. ಮೊದಲಿನ ಎರಡು ಶಬ್ದ ಗೊತ್ತಿದ್ದವು. ಡೂ ನಾಟ್. ಕೂಡದು. ಏನೋ ಒಂದನ್ನು ಮಾಡಕೂಡದು ಎಂದು ಅಲ್ಲಿ ಬರೆದಿತ್ತು. ಏನನ್ನು? ಮುಂದಿನ ಶಬ್ದಗಳು ಗೂಡಿನಲ್ಲಿದ್ದ ದಪ್ಪ ಪುಸ್ತಕದ ಶಬ್ದಗಳ ಜಾತಿಯವು, ಒಂದೊಂದೂ ಒಂದೊಂದು ಗೇಣುದ್ದ. ಡಿಕ್ಷನರಿ ಹಾನಗಲ್ಲಿನಲ್ಲಿತ್ತು. ನನಗ ತಿಳೀವಲ್ದು ಎಂದರೆ ಮುಗಿಯುತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದು ಶಬ್ದ ಬರೆದುಕೊಂಡು ಹೋದರೂ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ತಿಳಿಯದವನು ಹೋದ ವಾರ ತುಟಿ ಆಡಿಸಿ ಓದಿದ್ದು ಹೇಗೆ? ಈ ಒಂದು ಮಾತು ಹೊರಗೆ ಬಿದ್ದರೆ ಆ ಮಾತೂ ಅದರ ಬಾಲ ಹಿಡಿದು ಹೊರಗೆ ಬರುತ್ತದೆ. ಬೆನ್ನ ಹಿಂದೆ ನಿಯಾಜ ಕಾಯುತ್ತ ನಿಂತಿದ್ದ. ಮಣಿಕಟ್ಟು ಬೆಚ್ಚಗಾಯಿತು. ಕಟ್ಟೆಯ ಮೇಲಿನ ನಗೆ ಎಲ್ಲಿಂದಲೋ ಬಂತು. ಮಾಸ್ತರ ಗಂಟಲು ಸರಿಮಾಡಿಕೊಂಡು, ಸಾಲಿಯಲ್ಲಿ ನಕ್ಷೆಗೆ ಕೋಲು ಇಡುವಂತೆ, ನಳಿಗೆಯ ನಾಲ್ಕು ಕಾಲಿನಲ್ಲಿ ಒಂದರ ಮೇಲೆ ಬೆರಳಿಟ್ಟ.

‘ಇಲ್ಲಿ,’ ಅಂದ.

ನಿಯಾಜ ಬಿಸ್ಮಿಲ್ಲಾ ಎಂದು ಕೆಂಪು ತಂತಿಯನ್ನು ಅಲ್ಲಿ ಮುಟ್ಟಿಸಿದ. ನಳಿಗೆಯೊಳಗೆ ನೀಲಿಯಾಗಿ ಒಂದು ಸಲ ಮಿಂಚಿತು. ಶಬ್ದವೇನೂ ಆಗಲಿಲ್ಲ, ಕಡ್ಡಿ ಮುರಿದಷ್ಟು. ಕೆಂಡದ ಎಳೆ ಹೋಯಿತು. ನಿಯಾಜ ತಂತಿ ತೆಗೆದು ಮತ್ತೆ ಸಣ್ಣ ಬ್ಯಾಟರಿ ಹಚ್ಚಿ ನೋಡಿದ, ಬೆಳಕು ಬರಲಿಲ್ಲ. ನಳಿಗೆಯನ್ನು ಬಿಚ್ಚಿ, ಗಡಿಯಾರವನ್ನು ಹಿಡಿಯುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಒಳಗೆ ಏನೋ ಸಣ್ಣಗೆ ಕಿಣಿಕಿಣಿ ಅಂದಿತು. ಅದನ್ನು ಬಟ್ಟೆಯ ಮೇಲೆ ಮಲಗಿಸಿದ. ಈಗ ಬೈಯುತ್ತಾನೆ ಎಂದು ಮಾಸ್ತರ ಕಾದ. ಬೈಯಲಿ, ಊರ ಮಂದಿಯನ್ನು ಕೂಡಿಸಲಿ, ಕೊರಳಪಟ್ಟಿ ಹಿಡಿಯಲಿ. ಹಿಡಿದರೆ ತಾನೂ ಎಲ್ಲ ಹೇಳಿಬಿಡಬಹುದು, ಆ ರವಿವಾರದ್ದು, ಈ ರವಿವಾರದ್ದು, ಎರಡು ವರ್ಷದ ಇಂಗ್ಲಿಷಿನದು. ಹಾಗೆ ಬಾಯಿ ಬಿಡಲು ಒಂದು ಪೆಟ್ಟು ಬೀಳಬೇಕಿತ್ತು.

‘ನಿಮ್ಮದೇನೂ ತಪ್ಪಿಲ್ರಿ ಮಾಸ್ತರ,’ ಅಂದ ನಿಯಾಜ. ‘ನೀವು ಮೊದಲ ಹೇಳಿದ್ರಿ, ಈ ಬುಕ್ಕಿನ್ಯಾಗ ಏನೂ ಇಲ್ಲ, ಬಿಡು ಅಂತ. ನಾನ ಕೇಳಲಿಲ್ಲ.’

ಮಾಸ್ತರ ಬಾಯಿ ತೆರೆದ. ಆ ಹೊತ್ತಿಗೆ ಶಲ್ಯೆಯ ಗಂಟು ಸಡಿಲಾಗಿ ಶೇಂಗಾ ಸುರಿದು ಸ್ಟೂಲಿನ ಕೆಳಗೆಲ್ಲ ಹರಡಿತು. ನಿಯಾಜ ಮಂಡಿಯೂರಿ ಒಂದೊಂದೇ ಆರಿಸಿ ಕೂಡಿಸಿದ, ಬ್ಯಾಡ ಬ್ಯಾಡ ಅಂದರೂ ಬಿಡಲಿಲ್ಲ. ಹಾಕಿ ಕೊಡಲು ಏನಾದರೂ ಬೇಕೆಂದು ಸುತ್ತ ನೋಡಿದ. ಗೋಡೆಯ ಕಡೆ ಕೈ ಚಾಚಿ, ನಾಲ್ಕು ಮೊಳೆ ಕಿತ್ತು, ಚಿತ್ರವನ್ನು ತೆಗೆದ. ಎರಡೂ ಅಂಗೈ ನಡುವೆ ಅದನ್ನು ಸುತ್ತಿ, ತುದಿ ತಿರುವಿ, ಶೇಂಗಾ ತುಂಬಿ, ಮೇಲೆ ಮಡಿಚಿ ಮಾಸ್ತರನ ಕೈಗೆ ಕೊಟ್ಟ. ಬಸ್ಸಿನಲ್ಲಿ ಹಸಿವಾದೀತು ಎಂದ. ಮೂರು ತಿಂಗಳಿಂದ ಬೇಕಾಗಿದ್ದ ಹಾಳೆ ಕೈಯಲ್ಲಿ ಬೆಚ್ಚಗಿತ್ತು. ಮಾಸ್ತರ ಅದನ್ನು ಹಿಡಿದುಕೊಂಡು ಬಾಗಿಲಿಗೆ ಬಂದ. ನಿಯಾಜ ಅವನ ಚಪ್ಪಲಿ ಸರಿಮಾಡಿ ಮುಂದಿಟ್ಟು ಹೇಳಿದ, ಬುಧವಾರ ದಿಲಾವರನ ಹೊಸ ಗಂಟು ಬರತೈತಿ.

‘ಬರೂ ರವಿವಾರ ಒಂದೀಟು ಬರ್ರಿ ಮಾಸ್ತರ. ನಾನೂ ಒಂದು ಬುಕ್ಕ ತಗೊಂತೇನಿ. ಯಾವುದು ಅಂತ ನೀವ ನೋಡಿ ಹೇಳ್ರಿ. ನೀವು ಬ್ಯಾಡ ಅಂದದ್ದನ್ನ ಇನ್ನ ಮುಟ್ಟೂದಿಲ್ಲ.’

‘ಬರ್ತೇನಿ,’ ಅಂದ ಮಾಸ್ತರ. ಓಣಿ ದಾಟುವಾಗ ಹಸಿವೆ ತಡೆಯಲಾಗದೆ ಪೊಟ್ಟಣ ಬಿಚ್ಚಿ ತಿನ್ನತೊಡಗಿದ.